ಗಂಡನ ಬಿ.ಪಿ. ಬರೆಯುತ್ತಿದ್ದವರು

ಮನೆಯಲ್ಲಿ ಒಬ್ಬರಿಗೆ ಹೃದಯದ ತೊಂದರೆ ಬಂದರೆ ಉಳಿದವರು ಅವರನ್ನು ಕಾಯೋಕೆ ಶುರು ಮಾಡುತ್ತಾರೆ. ಇಂಥವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಗಂಡನಿಗೆ ಅರವತ್ತರ ಹತ್ತಿರ. ಹೃದಯದ ರಕ್ತನಾಳ ಕಟ್ಟದ ಹಾಗೆ ತೆರೆದಿಡುವ ಪುಟ್ಟ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಕೆಲವು ತಿಂಗಳಾಗಿತ್ತು. ಹೆಂಡತಿ ನಾಲ್ಕೈದು ವರ್ಷ ಚಿಕ್ಕವರು. ದೂರು ಆಕೆಯದು. "ಇವರು ಯಾವುದನ್ನೂ ಸೀರಿಯಸ್ಸಾಗಿ ತಗೊಳ್ಳಲ್ಲ ಮೇಡಂ. ನಾನು ಹಿಂದೆ ಬೀಳದಿದ್ರೆ ಮಾತ್ರೆಯನ್ನೂ ನುಂಗಲ್ಲ." ಉಪ್ಪು, ಎಣ್ಣೆ, ವಾಕಿಂಗ್, ನಿದ್ದೆ ಎಲ್ಲವೂ ಆಕೆಯ ಉಸ್ತುವಾರಿಯಲ್ಲೇ ನಡೆಯುತ್ತಿತ್ತು. ಅವರು ಮಾತಾಡುತ್ತಲೇ ಇರಲಿಲ್ಲ.

ಒಂದು ಭೇಟಿಗೆ ಆಕೆ ಬಿ.ಪಿ. ಬರೆದಿಡುವ ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ತಾರೀಖು, ಬೆಳಗ್ಗೆ, ಸಂಜೆ ಅಂತ ಕಾಲಂ. ಮೇಲಿನ ಅಂಕಿ 140 ದಾಟಿದ ಕಡೆಯೆಲ್ಲ ಕೆಂಪು ಪೆನ್ನಿನ ಸುತ್ತು. ಅಕ್ಷರ ಪೂರ್ತಿ ಆಕೆಯದೇ. ಹಾಳೆ ತಿರುವುತ್ತಾ ಕೇಳಿದೆ, "ನಿಮ್ಮದು ಎಷ್ಟಿರುತ್ತೆ?"

"ನನ್ನದಾ?" ಅಂದರು ಆಕೆ.

ಗಂಡ ತಲೆ ಎತ್ತಿದರು. "ಇವಳದ್ದು ನೋಡೇ ಇಲ್ಲ. ಮೆಷಿನ್ ಮನೇಲೇ ಇದೆ." ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ಒಂದು ವಿಷಯ ಹೇಳ್ಬೇಕು. ನಾನು ಸಿಗರೇಟು ಬಿಟ್ಟಿಲ್ಲ. ಇವಳು ಇಷ್ಟೆಲ್ಲ ಕಷ್ಟಪಡ್ತಾಳೆ, ಹೇಗೆ ಹೇಳೋದು? ಡಾಕ್ಟರ ಹತ್ರಾನೂ ಬಿಟ್ಟಿದ್ದೀನಿ ಅಂತಲೇ ಹೇಳಿದೀನಿ."

ಆಕೆ ಕೂಗಾಡಬಹುದು ಅಂದುಕೊಂಡಿದ್ದೆ. ಆಕೆ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇದನ್ನೆಲ್ಲ ನಾನು ಯಾಕೆ ಬರೀತಿದ್ದೆ?"

ಅವತ್ತು ನಾನು ಹೇಳಿದ್ದು ಇದು. ನೋಟ್‌ಬುಕ್ ಗಂಡನ ಕೈಗೆ ಹೋಗಲಿ. ಆಕೆಗೂ ಅದರಲ್ಲಿ ಒಂದು ಕಾಲಂ ಇರಲಿ. ನೋಡುವ ಮುಂಚೆ ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಿ. ಸಿಗರೇಟಿನ ವಿಷಯ ಡಾಕ್ಟರಿಗೆ ಅವರೇ ಹೇಳಲಿ. ಬಿಡೋಕೆ ಸಹಾಯ ಮಾಡುವ ಔಷಧಿಗಳಿವೆ. ರೋಗಿಗೆ ಅಂತ ಬೇರೆ ಅಡುಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ಹೇಳಿರೋದು ದೊಡ್ಡವರೆಲ್ಲರಿಗೂ. ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯೂ ಅಷ್ಟೇ.

ಮಗಳಿಗೆ ಈ ಸಲಹೆ ಹಿಡಿಸಲಿಲ್ಲ. "ಅಮ್ಮ ಕಾದದ್ದಕ್ಕೇ ಅಪ್ಪ ಇದ್ದಾರೆ, ಕಾಯೋದನ್ನೇ ಬಿಟ್ಟುಬಿಡಿ ಅಂತೀರಲ್ಲ" ಅಂತ ಫೋನಿನಲ್ಲಿ ಕೇಳಿದಳು. ಆ ತಾಯಿಯ ಶ್ರಮ ಸಣ್ಣದು ಅಂತ ನಾನು ಹೇಳುವುದಿಲ್ಲ. ಆದರೆ ಕಾವಲು ಜಾಸ್ತಿಯಾದ ಮನೆಯಲ್ಲಿ ಜನ ಬಚ್ಚಿಡೋಕೆ ಕಲಿಯುತ್ತಾರೆ. ಬಚ್ಚಿಟ್ಟದ್ದು ಡಾಕ್ಟರಿಗೂ ತಿಳಿಯುವುದಿಲ್ಲ, ಸುಳ್ಳು ಲೆಕ್ಕದ ಮೇಲೆ ಚಿಕಿತ್ಸೆ ನಡೆಯುತ್ತದೆ. ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ, ಅದರಿಂದ ಬಂದ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ಲಾಭವನ್ನು ಮನೆಯ ಶಾಂತಿಗೋಸ್ಕರ ಕಳೆದುಕೊಳ್ಳಬೇಕಾ?

ಇನ್ನು ಹೆಂಡತಿಯ ಆರೋಗ್ಯದ ಮಾತು. ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಬಿ.ಪಿ., ಕೊಲೆಸ್ಟ್ರಾಲ್ ಎರಡೂ ಏರುವುದು ಸಾಮಾನ್ಯ. ಹೃದಯಾಘಾತವಾದಾಗ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ವಿಪರೀತ ಸುಸ್ತು, ವಾಕರಿಕೆ, ದವಡೆ ಅಥವಾ ಬೆನ್ನು ನೋವು ಬರಬಹುದು. "ಕೆಲಸ ಜಾಸ್ತಿ, ಅದಕ್ಕೇ ಸುಸ್ತು" ಅಂತ ಅದನ್ನು ತಳ್ಳಿಹಾಕುವವರು ಎಷ್ಟು ಜನ! ಇದ್ದಕ್ಕಿದ್ದ ಹಾಗೆ ಹೀಗಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

"ಈ ವಯಸ್ಸಲ್ಲಿ ನಡೆದು ಏನು ಪ್ರಯೋಜನ?" ಅಂತ ಆಕೆ ಕೇಳಿದರು. ಅಮೆರಿಕದ ಡಲ್ಲಾಸ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಕೂತೇ ಕಾಲ ಕಳೆಯುತ್ತಿದ್ದ, ಆದರೆ ಆರೋಗ್ಯವಾಗಿದ್ದ 45ರಿಂದ 64 ವಯಸ್ಸಿನವರು ಎರಡು ವರ್ಷ ವಾರಕ್ಕೆ ನಾಲ್ಕೈದು ದಿನ ವ್ಯಾಯಾಮ ಮಾಡಿದಾಗ, ಬಿಗಿಯಾಗುತ್ತಾ ಬಂದಿದ್ದ ಅವರ ಹೃದಯ ಮತ್ತೆ ಸಡಿಲವಾಗಿತ್ತು. ಆಕೆಯ ವಯಸ್ಸು ಆ ಮಿತಿಯೊಳಗೇ ಇದೆ.

ಆಕೆಯ ಬಿ.ಪಿ. ಮತ್ತೆ ಮತ್ತೆ 150ರ ಮೇಲೇ ಬಂತು. ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ. ಗಂಡನ ಸಿಗರೇಟು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಆದರೆ ಈಗ ಡಾಕ್ಟರಿಗೂ ಗೊತ್ತು, ಮನೆಯಲ್ಲೂ ಗೊತ್ತು. ಮುಂದಿನ ಭೇಟಿಯಲ್ಲಿ ಮಾತಾಡುವುದು ಅದರ ಬಗ್ಗೆಯೇ.