ವಾರಕ್ಕೆ 3 ದಿನ, ತಿಂಗಳಿಗೆ 12 ದಿನ, ಶೇ 60: ಆಫೀಸ್ ಹಾಜರಿಗೆ ಯಾವ ಲೆಕ್ಕ ನಂಬಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಎಚ್‌ಆರ್ ಮೇಲ್‌ನಲ್ಲಿ ‘ವಾರಕ್ಕೆ 3 ದಿನ’ ಅಂತಿದೆ, ಮ್ಯಾನೇಜರ್ ‘ತಿಂಗಳಿಗೆ 12 ಆದ್ರೆ ಸಾಕು’ ಅಂದಿದ್ದಾರೆ, ಹಾಜರಿ ಪೋರ್ಟಲ್‌ನಲ್ಲಿ ಕೆಲಸದ ದಿನಗಳ ಶೇ 60 ಗುರಿ ಕಾಣಿಸುತ್ತಿದೆ. 2025ರ ಅಕ್ಟೋಬರ್‌ನಲ್ಲಿ ನೀವು 12 ದಿನ ಹೋಗಿದ್ದೀರಿ. ಆದರೂ ‘ಕೊರತೆ’ ಅಂತ ಕೆಂಪು ಬಿದ್ದಿದೆ.

ಮೂರೂ ಒಂದೇ ಮಾತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆ ಮೇಲ್ ಬರೆದವರೂ ಸೇರಿ. ನಿಮ್ಮ ಅಕ್ಟೋಬರ್ ಅನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಸೋಮವಾರದಿಂದ ಶುಕ್ರವಾರದ ದಿನಗಳು 23. ಆಯುಧಪೂಜೆ (1), ಗಾಂಧಿ ಜಯಂತಿ ಮತ್ತು ವಿಜಯದಶಮಿ (2), ನರಕ ಚತುರ್ದಶಿ (20), ಬಲಿಪಾಡ್ಯಮಿ (22) ರಜೆ ಅಂತ ಇಟ್ಟುಕೊಂಡರೆ ಉಳಿದದ್ದು 19. ಅದರ ಶೇ 60 ಅಂದರೆ 11.4, ಮೇಲಕ್ಕೆ ಸರಿಸಿದರೆ 12. ನೀವು ಪಾಸ್. ಆದರೆ ಪೋರ್ಟಲ್ ಹಬ್ಬದ ರಜೆ ಕಳೆಯದೆ 23ರ ಮೇಲೆ ಲೆಕ್ಕ ಹಾಕಿದ್ದರೆ 13.8, ಅಂದರೆ 14 ದಿನ ಬೇಕು. ವಾರದ ಲೆಕ್ಕ ಇನ್ನೊಂದು ಥರ: ಮೊದಲ ವಾರದಲ್ಲಿ ಇದ್ದದ್ದೇ ಒಂದು ಶುಕ್ರವಾರ, ಆಮೇಲಿನ ನಾಲ್ಕು ವಾರ ತಲಾ 3, ಒಟ್ಟು 13. ಅದೇ 12 ದಿನ ಒಂದು ಕಡೆ ಹಸಿರು, ಎರಡು ಕಡೆ ಕೆಂಪು.

ಇನ್ನು ದೀಪಾವಳಿ ವಾರ. 20 ಮತ್ತು 22 ರಜೆಯಾದ್ದರಿಂದ ಕೆಲಸದ ದಿನ ಉಳಿದದ್ದು ಮೂರೇ. ಊರಿಗೆ ಹೋಗಲು ಮಂಗಳವಾರ ಒಂದು ರಜೆ ಹಾಕಿದಿರಿ ಅನ್ನಿ, ಆ ವಾರ 3 ದಿನ ಮುಟ್ಟುವುದು ಯಾರಿಂದಲೂ ಆಗದ ಕೆಲಸ. ಒಪ್ಪಿಗೆ ಸಿಕ್ಕ ರಜೆಯನ್ನು ಒಟ್ಟು ಕೆಲಸದ ದಿನಗಳಿಂದ ಕಳೆಯುತ್ತಾರೋ ಇಲ್ಲವೋ ಅನ್ನುವುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಮೂರು ದಿನ ರಜೆ ಹಾಕಿದವರಿಗೆ ಅದನ್ನು 19ರಿಂದ ಕಳೆದರೆ 16ರಲ್ಲಿ 10 ಸಾಕು. ಕಳೆಯದಿದ್ದರೆ ಆ 16ರಲ್ಲೇ 12 ಬೇಕು, ಅಂದರೆ ಶೇ 75. ನಿಯಮ ಮಾಡಿದವರು ಇದನ್ನು ಉದ್ದೇಶಿಸಿರುವುದಿಲ್ಲ, ರಿಪೋರ್ಟ್ ಬರೆದವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಬೇರೆ ಕಂಪನಿಯ ಸ್ನೇಹಿತರ ಲೆಕ್ಕ ತಂದು ಹೋಲಿಸಬೇಡಿ. 2023ರ ನವೆಂಬರ್‌ನಲ್ಲೇ ವಿಪ್ರೋ ವಾರಕ್ಕೆ 3 ದಿನ ಅಂದಿತು, ಇನ್ಫೋಸಿಸ್ ಕೆಲವು ಹಂತದವರಿಗೆ ತಿಂಗಳಿಗೆ 10 ದಿನ ಅಂದಿತು. 2024ರ ಏಪ್ರಿಲ್‌ನಲ್ಲಿ ಸುದ್ದಿಯಾದ ಟಿಸಿಎಸ್ ನೀತಿಯಲ್ಲಿ ಹಾಜರಿ ಶೇ 60ಕ್ಕಿಂತ ಕೆಳಗಿದ್ದರೆ ಆ ತ್ರೈಮಾಸಿಕದ ವೇರಿಯಬಲ್ ಪೇ (ಸಾಧನೆಗೆ ತಕ್ಕಂತೆ ಬದಲಾಗುವ ಸಂಬಳದ ಭಾಗ) ಇಲ್ಲ, 60–75ಕ್ಕೆ ಅರ್ಧ, 75–85ಕ್ಕೆ ಮುಕ್ಕಾಲು, 85 ದಾಟಿದರೆ ಪೂರ್ತಿ ಅಂತಿತ್ತು. ಇಂಥ ಹಂತಗಳಿರುವಲ್ಲಿ ಬಾಗಿಲಲ್ಲಿ ಕಾರ್ಡ್ ತೋರಿಸುವ ಒಂದೇ ಒಂದು ಸ್ವೈಪ್‌ಗೂ ಬೆಲೆ ಇದೆ: 62 ಕೆಲಸದ ದಿನಗಳಲ್ಲಿ 53 ಬಂದರೆ ಶೇ 85.5, 52 ಬಂದರೆ 83.9.

ಸ್ವೈಪ್ ಅಂದ ಕೂಡಲೇ ಎರಡನೇ ಗೊಂದಲ ಶುರು. ಟೆಕ್ ಪಾರ್ಕ್‌ನ ಕೆಳಗಿನ ಗೇಟ್ ಬಹಳ ಕಡೆ ಕಟ್ಟಡದ ಮಾಲೀಕರದ್ದು. ನಿಮ್ಮ ಕಂಪನಿ ಎಣಿಸುವುದು ಮಹಡಿಯ ಬಾಗಿಲಿನ ರೀಡರ್. ಸಹೋದ್ಯೋಗಿ ತೆರೆದ ಬಾಗಿಲಲ್ಲಿ ಹಿಂದೆಯೇ ನುಗ್ಗಿದರೆ ನೀವು ಇಡೀ ದಿನ ಕೂತಿದ್ದರೂ ದಾಖಲೆ ಇಲ್ಲ. ಕೆಲವು ಕಡೆ ಒಳಹೋದ ಸ್ವೈಪ್ ಸಾಕು. ಕಾಫಿ ಕುಡಿದು ವಾಪಸ್ ಹೋಗುವವರನ್ನು ತಡೆಯಲೆಂದು ಇನ್ನು ಕೆಲವು ಕಡೆ ಮೊದಲ ಮತ್ತು ಕೊನೆಯ ಸ್ವೈಪ್ ನಡುವಿನ ಗಂಟೆ ನೋಡುತ್ತಾರೆ. ಅಲ್ಲಿ ಹೊರಹೋಗುವಾಗ ಕಾರ್ಡ್ ತೋರಿಸದಿದ್ದರೆ ಆ ದಿನ ಅರ್ಧ ಅಥವಾ ಸೊನ್ನೆ. ರಾತ್ರಿ ಪಾಳಿಯವರ ಒಳಬಂದ ಗುರುತು ಒಂದು ತಾರೀಖಿಗೆ, ಹೊರಹೋದದ್ದು ಮರುದಿನಕ್ಕೆ ಬೀಳುತ್ತದೆ. ವಿದೇಶಿ ಕಂಪನಿಯ ರಿಪೋರ್ಟ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಲೆಕ್ಕದಲ್ಲಿದ್ದರೆ ದಿನ ಬದಲಾಗುವುದು ನಮ್ಮ ಬೆಳಗ್ಗೆ 5.30ಕ್ಕೆ, ಹಾಗಾಗಿ 5 ಗಂಟೆಗೆ ಬಂದವರ ಸ್ವೈಪ್ ಹಿಂದಿನ ದಿನಕ್ಕೆ ಹೋಗುತ್ತದೆ. ಕ್ಲೈಂಟ್ ಆಫೀಸಿನ ಕಾರ್ಡ್ ನಿಮ್ಮ ಪೋರ್ಟಲ್‌ಗೆ ಸಾಮಾನ್ಯವಾಗಿ ಬರುವುದೇ ಇಲ್ಲ, ಕೈಯಾರೆ ರೆಗ್ಯುಲರೈಸ್ ಮಾಡಬೇಕು, ಅಂದರೆ ಆ ದಿನದ ಹಾಜರಿ ಸರಿಪಡಿಸಲು ಕೋರಿಕೆ ಹಾಕಬೇಕು. ಇನ್ನೊಂದನ್ನು ಜನ ಮರೆಯುತ್ತಾರೆ: ಸಿಸ್ಟಂನಲ್ಲಿ ನಿಮ್ಮ ಬೇಸ್ ಲೊಕೇಶನ್ (ಕೆಲಸದ ಊರು) ಇನ್ನೂ ಚೆನ್ನೈ ಅಂತಿದ್ದರೆ ಬಲಿಪಾಡ್ಯಮಿ ನಿಮಗೆ ರಜೆಯಾಗಿರದೇ ಇರಬಹುದು, ಗೈರುಹಾಜರಿ ಅಂತ ಬಿದ್ದಿರಬಹುದು.

ಯಾರ ಮಾತು ನಡೆಯುತ್ತದೆ ಅಂದರೆ, ದಿನಾಂಕ ಮತ್ತು ಆವೃತ್ತಿ ಸಂಖ್ಯೆ ಇರುವ ಪಾಲಿಸಿ ದಾಖಲೆಯದ್ದು. ಎಚ್‌ಆರ್ ಮೇಲ್ ಬಹುತೇಕ ಅದರ ಸಾರಾಂಶ. ಮ್ಯಾನೇಜರ್ ತಂಡಕ್ಕೆ ಹೆಚ್ಚು ದಿನ ಕೇಳಬಹುದು, ಆದರೆ ‘ಬರದಿದ್ರೂ ನಡೆಯುತ್ತೆ’ ಅನ್ನುವ ಚಾಟ್ ಮೆಸೇಜ್ ಸ್ವೈಪ್ ಲೆಕ್ಕವನ್ನು ಬದಲಿಸುವುದಿಲ್ಲ. ವಿನಾಯಿತಿ ಬೇಕಿದ್ದರೆ ಅದು ಪೋರ್ಟಲ್‌ನಲ್ಲೇ ಅಪ್ರೂವ್ ಆಗಿರಬೇಕು. ಬಾಯಿಮಾತಿನ ವಿನಾಯಿತಿ ಆ ಮ್ಯಾನೇಜರ್ ಬದಲಾದ ದಿನವೇ ಮುಗಿಯಿತು.

ನಾನಾಗಿದ್ದರೆ ಎಚ್‌ಆರ್‌ಗೆ ದೂರಿನ ಧಾಟಿಯಲ್ಲಿ ಬರೆಯದೆ ಇಷ್ಟು ಕೇಳುತ್ತೇನೆ:

‘ಅಕ್ಟೋಬರ್ ತಿಂಗಳ ನನ್ನ ಹಾಜರಿ ಲೆಕ್ಕದಲ್ಲಿ ಒಟ್ಟು ಕೆಲಸದ ದಿನ ಎಷ್ಟು ಹಿಡಿದಿದ್ದೀರಿ? ಹಬ್ಬದ ರಜೆ, ಮಂಜೂರಾದ ರಜೆ, ಅರ್ಧ ದಿನದ ರಜೆ ಕಳೆದಿದ್ದೀರಾ? ಅಳೆಯುವುದು ವಾರಕ್ಕೋ, ತಿಂಗಳಿಗೋ, ತ್ರೈಮಾಸಿಕಕ್ಕೋ? ಒಂದು ದಿನ ಎಣಿಕೆಗೆ ಬರಲು ಕನಿಷ್ಠ ಎಷ್ಟು ಗಂಟೆ ಬೇಕು, ಯಾವ ರೀಡರ್ ಲೆಕ್ಕಕ್ಕೆ? ನನ್ನ ದಿನವಾರು ಸ್ವೈಪ್ ಪಟ್ಟಿ ಕಳುಹಿಸಿ.’

ಮ್ಯಾನೇಜರ್‌ಗೆ ಸಿಸಿ ಹಾಕಿ. ಪಟ್ಟಿ ಇರುವುದು ಎಚ್‌ಆರ್ ಬಳಿ ಅಲ್ಲ, ಫೆಸಿಲಿಟಿ ಅಥವಾ ಅಡ್ಮಿನ್ ತಂಡದ ಬಳಿ ಅಂತ ಉತ್ತರ ಬಂದರೆ ಅಲ್ಲಿ ಟಿಕೆಟ್ ಹಾಕಿ. ಬಂದ ಪಟ್ಟಿಯನ್ನು ನಿಮ್ಮ ಕ್ಯಾಲೆಂಡರ್ ಜೊತೆ ದಿನದಿನಕ್ಕೆ ಹೋಲಿಸಿ, ತಪ್ಪಿದ ದಿನಕ್ಕೆ ಪುರಾವೆ ಸೇರಿಸಿ: ಕ್ಯಾಬ್ ಟ್ರಿಪ್, ಸೀಟ್ ಬುಕಿಂಗ್, ಆಫೀಸ್ ವೈಫೈ ಲಾಗಿನ್. ಸೀಟ್ ಬುಕಿಂಗ್ ಒಂದನ್ನೇ ತೋರಿಸಿದರೆ ಒಪ್ಪುವುದಿಲ್ಲ, ಬುಕ್ ಮಾಡಿ ಬಾರದವರು ಬಹಳ.

ಕಾನೂನಿನ ಆಸರೆ ಹೆಚ್ಚಿಲ್ಲ. ಮನೆಯಿಂದ ಕೆಲಸ ಮಾಡುವುದು ನಮ್ಮಲ್ಲಿ ಸಾಮಾನ್ಯ ಹಕ್ಕಲ್ಲ. ಆಫರ್ ಲೆಟರ್‌ನಲ್ಲಿ ‘ಕಂಪನಿ ಹೇಳಿದ ಕಡೆ’ ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ಹೆರಿಗೆ ರಜೆ ಮುಗಿಸಿದವರಿಗೆ, ಕೆಲಸದ ಸ್ವರೂಪ ಒಪ್ಪಿದರೆ, ಪರಸ್ಪರ ಒಪ್ಪಂದದ ಮೇಲೆ ಮನೆಯಿಂದ ಕೆಲಸಕ್ಕೆ ಅವಕಾಶವನ್ನು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಕೊಟ್ಟಿತು. ಅಂಗವೈಕಲ್ಯ ಇರುವವರು ತಮ್ಮ ಹಕ್ಕುಗಳ 2016ರ ಕಾಯ್ದೆಯಡಿ ಕಂಪನಿ ಪ್ರಕಟಿಸಬೇಕಾದ ಸಮಾನ ಅವಕಾಶ ನೀತಿಯನ್ನು ಕೇಳಿ ಪಡೆಯಬಹುದು. ಹಾಜರಿ ಕಾರಣಕ್ಕೆ ಸಂಬಳ ಹಿಡಿದರೆ ಅಥವಾ ಶಿಸ್ತುಕ್ರಮದ ಪತ್ರ ಬಂದರೆ ಮಾತ್ರ ಕುಂದುಕೊರತೆ ಸಮಿತಿ, ಯೂನಿಯನ್, ಕಾರ್ಮಿಕ ಇಲಾಖೆಯ ದಾರಿ ಹಿಡಿಯಿರಿ. ಒಂದು ಕೆಂಪು ಗುರುತಿಗೆ ಅಷ್ಟು ದೂರ ಹೋಗಬೇಕಿಲ್ಲ.

ರೆಗ್ಯುಲರೈಸೇಶನ್‌ಗೆ ಕೊನೆಯ ದಿನ ಯಾವುದು ಅಂತ ಇವತ್ತೇ ನೋಡಿ. ಹಲವು ಕಡೆ ತಿಂಗಳ 20ರಿಂದ 25ರೊಳಗೆ ಪೇರೋಲ್ (ಸಂಬಳದ ಲೆಕ್ಕ) ಮುಚ್ಚುತ್ತದೆ, ಆಮೇಲೆ ಆ ತಿಂಗಳನ್ನು ತಿದ್ದಲು ಎಚ್‌ಆರ್ ಟಿಕೆಟ್ ಒಂದೇ ದಾರಿ.