ಕಾಚಂಪುಳಿ ಹುಳಿ ನಿಜ, ಆದರೆ ಮೊಸರಲ್ಲ

ಪ್ರಶ್ನೆ: ಮೇಡಂ, ಕಳೆದ ತಿಂಗಳು ಏಳು ದಿನ ಆ್ಯಂಟಿಬಯೋಟಿಕ್ ಮಾತ್ರೆ ತಗೊಂಡೆ. ಆಮೇಲೆ ಹೊಟ್ಟೆ ಉಬ್ಬರ ಹೋಗಿಯೇ ಇಲ್ಲ. ಅಂಗಡಿಯ ಪ್ರೋಬಯಾಟಿಕ್ ಬಾಟಲಿ ಕುಡಿಯಲೇಬೇಕಾ? ಈ ಮಳೆಗೆ ಮನೆಯಲ್ಲಿ ಮೊಸರೇ ಆಗುತ್ತಿಲ್ಲ. ಕಾಚಂಪುಳಿ, ಕಣಿಲೆ ಸಾಲದಾ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಪ್ರೋಬಯಾಟಿಕ್ ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ. ಕಾಚಂಪುಳಿ ಅಂದರೆ ನಮ್ಮ ಕೊಡಗಿನ ಹಣ್ಣಿನ ಹುಳಿರಸ, ಅದನ್ನು ಗಟ್ಟಿಯಾಗುವವರೆಗೆ ಕುದಿಸಿರುತ್ತಾರೆ. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದಿಲ್ಲ. ಕಣಿಲೆ, ಅಂದರೆ ಎಳೆ ಬಿದಿರು, ನೀರಲ್ಲಿ ನೆನೆದು ಹುಳಿಯಾಗುವುದು ಬ್ಯಾಕ್ಟೀರಿಯಾದಿಂದಲೇ. ಆದರೆ ಬೇಯಿಸಿದಾಗ ಅವು ಸಾಯುತ್ತವೆ, ನಾರು ಉಳಿಯುತ್ತದೆ. ಬೇಯಿಸದೆ ತಿನ್ನಲೇಬೇಡಿ, ಹಸಿ ಕಣಿಲೆಯಲ್ಲಿ ವಿಷದ ಅಂಶವಿದೆ.

ಬಾಟಲಿ ಕುಡಿಯಲೇಬೇಕು ಅಂತಿಲ್ಲ. ಮೊದಲು ಮೊಸರು ಮಾಡಿಕೊಳ್ಳಿ. ಕಕ್ಕಡ ಮಾಸದ, ಅಂದರೆ ಜೋರು ಮಳೆಗಾಲದ ಚಳಿಯಲ್ಲಿ ನಮ್ಮ ಅಜ್ಜಿ ಹೆಪ್ಪು ಹಾಕಿದ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಡುತ್ತಿದ್ದರು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ಹಾಲು 40ರಿಂದ 45 ಡಿಗ್ರಿ ಬಿಸಿ ಇರಲಿ, ಅಂದರೆ ಬೆರಳು ಅದ್ದಿದರೆ ಬಿಸಿ ತಾಕಬೇಕು, ಸುಡಬಾರದು. ಹೆಪ್ಪು ಜಾಸ್ತಿ ಸುರಿದರೆ ಹುಳಿಯಾಗುತ್ತದೆ ಅಷ್ಟೇ. ಇಲ್ಲಿ ಬೇಕಾಗಿರುವುದು ಬೆಚ್ಚಗಿನ ಜಾಗ.

ಮೊಸರಿನ ಬ್ಯಾಕ್ಟೀರಿಯಾ ಕರುಳಲ್ಲಿ ಕಾಯಂ ಆಗಿ ನೆಲೆಸುವುದಿಲ್ಲ, ನೆಂಟರ ಹಾಗೆ ಬಂದು ಹೋಗುತ್ತವೆ. ಅದಕ್ಕೇ ದಿನಾ ಸ್ವಲ್ಪ ತಿನ್ನಬೇಕು. ನಿಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾಗಳಿಗೂ ಊಟ ಬೇಕಲ್ವಾ? ಪ್ರಿಬಯಾಟಿಕ್ ಅಂದರೆ ಆ ಊಟವೇ. ನನ್ನನ್ನು ಕೇಳಿದರೆ ತಂಗಳನ್ನ, ಮೊಸರು, ಹಸಿ ಈರುಳ್ಳಿಗಿಂತ ಒಳ್ಳೆಯ ಜೋಡಿ ಇಲ್ಲ. ಅನ್ನ ಆರಿದಾಗ ಅದರ ಪಿಷ್ಟದ ಒಂದು ಪಾಲು ಸಣ್ಣ ಕರುಳಲ್ಲಿ ಕರಗದೆ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ಈರುಳ್ಳಿ, ಬೆಳ್ಳುಳ್ಳಿ, ಪೂರ್ತಿ ಹಣ್ಣಾಗದ ಬಾಳೆಹಣ್ಣು ಕೂಡ ಇದೇ ಕೆಲಸ ಮಾಡುತ್ತವೆ. ಅನ್ನ ಮಾತ್ರ ಬೇಗ ಆರಿಸಿ ಫ್ರಿಜ್ಜಲ್ಲಿಡಿ. ರಾತ್ರಿಯಿಡೀ ಹೊರಗಿಟ್ಟ ಅನ್ನ ತಿಂದು ವಾಂತಿ ಆಗಿ ಬಂದವರನ್ನು ನಾನು ನೋಡಿದ್ದೇನೆ.

ನಿಮಗೆ ಈಗಾಗಲೇ ಉಬ್ಬರ ಇದೆ. ಹಾಗಾಗಿ ಹಸಿ ಈರುಳ್ಳಿ ಮೊದಲ ವಾರ ಬೇಡ. ಮೊಸರು, ಎರಡು ಸೌಟು ತಂಗಳನ್ನದಿಂದ ಶುರು ಮಾಡಿ. ಈ ಕರಗದ ಪಿಷ್ಟ, ನಾರನ್ನು ಬ್ಯಾಕ್ಟೀರಿಯಾ ತಿನ್ನುವಾಗ ಗ್ಯಾಸ್ ಹುಟ್ಟುತ್ತದೆ. ಒಮ್ಮೆಲೇ ಜಾಸ್ತಿ ತಿಂದು, ಉಬ್ಬರ ಹೆಚ್ಚಾಯಿತು ಅಂತ ಬಿಟ್ಟುಬಿಡುವವರೇ ತುಂಬಾ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗ ತಡೆಯುವ ಶಕ್ತಿ ಕಡಿಮೆ ಇರುವವರು ಮನೆಯಲ್ಲಿದ್ದರೆ ಅವರಿಗೆ ಡಾಕ್ಟರನ್ನು ಕೇಳದೆ ಪ್ರೋಬಯಾಟಿಕ್ ಕೊಡಬೇಡಿ. ನಿಮಗೆ ದಿನಕ್ಕೆ ಮೂರ್ನಾಲ್ಕು ಸಲ ನೀರಿನಂತೆ ಭೇದಿ, ಜ್ವರ ಅಥವಾ ಮಲದಲ್ಲಿ ರಕ್ತ ಕಂಡರೆ ಮೊಸರು ನಂಬಿ ಕೂರಬೇಡಿ. ಆ್ಯಂಟಿಬಯೋಟಿಕ್ ಆದಮೇಲೆ ಬರುವ ಕರುಳಿನ ಸೋಂಕು ಅದಾಗಿರಬಹುದು. ಮಳೆ ನಿಲ್ಲಲಿ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಹೊರಡಿ.