ಮುತ್ತಿನ ಚಿಪ್ಪು ಪ್ಲಾಸ್ಟಿಕ್‌ನಂತೆ ಕಾಣುತ್ತಿದ್ದರೆ

ನಮಸ್ಕಾರ. ಫಾಂಟೆನ್‌ಬ್ಲೋ ಅರಮನೆಯಲ್ಲಿರುವ ಮೇರಿ ಆಂಟೊನೆಟ್ ರಾಣಿಯ ಬೂದ್ವಾರ್ (ಖಾಸಗಿ ಕೋಣೆ) ಮೇಜನ್ನು ಸೆಕೆಂಡ್ ಲೈಫ್ ಎಂಬ ಆನ್‌ಲೈನ್ 3ಡಿ ಲೋಕಕ್ಕೆ ಮಾಡುತ್ತಿದ್ದೀರಿ, ಮುತ್ತಿನ ಚಿಪ್ಪಿನ ಹೊದಿಕೆ ಬಿಳಿ ಪ್ಲಾಸ್ಟಿಕ್‌ನಂತೆ ಕಾಣುತ್ತಿದೆ ಅಂದಿರಿ. ಎಂಥ ಚೆಂದದ ವಸ್ತು ಆರಿಸಿಕೊಂಡಿದ್ದೀರಿ!

ತೊಂದರೆ ಬಣ್ಣದ್ದಲ್ಲ, ಚಿಪ್ಪನ್ನು ಒಂದೇ ಹಾಳೆಯಂತೆ ಹಾಸಿರುವುದರದ್ದು ಅನ್ನಿಸುತ್ತದೆ. 1786ರಲ್ಲಿ ಪೀಠೋಪಕರಣ ಕುಶಲಕರ್ಮಿ ರೀಸನರ್ ಈ ಮೇಜು ಮಾಡಿದಾಗ ಚಿಪ್ಪನ್ನು ಸಣ್ಣ ಸಣ್ಣ ವಜ್ರಾಕೃತಿಯ ತುಂಡುಗಳಾಗಿ ಕೂರಿಸಿದ. ಚಿಪ್ಪಿನ ಪದರ ಎಲ್ಲ ತುಂಡಿನಲ್ಲೂ ಒಂದೇ ರೀತಿ ಇರುವುದಿಲ್ಲ. ಒಂದು ಗುಲಾಬಿಯಾಗಿ ಹೊಳೆದರೆ ಪಕ್ಕದ್ದು ತಿಳಿಹಸಿರಾಗಿ ಹೊಳೆಯುತ್ತದೆ. ಅದಕ್ಕೇ ತುಂಡು ತುಂಡಿಗೂ ನಾರ್ಮಲ್ ಮ್ಯಾಪನ್ನು (ಮೇಲ್ಮೈ ಯಾವ ಕಡೆ ವಾಲಿದೆ ಎಂದು ಬೆಳಕಿಗೆ ತಿಳಿಸುವ ಚಿತ್ರ) ಚೂರು ಓರೆ ಮಾಡಿ, ರಫ್‌ನೆಸ್ (ಒರಟುತನ) ತುಸು ಬದಲಿಸಿ, ಬೇಸ್ ಕಲರ್‌ನಲ್ಲೇ (ಮೂಲ ಬಣ್ಣದ ಚಿತ್ರ) ಆ ಛಾಯೆಗಳನ್ನು ತೀರಾ ತೆಳುವಾಗಿ ಬಿಡಿಸಿ. ಲೋಹದ ಗುಣ ಹೇಳುವ ಮೆಟಾಲಿಕ್ ಬೆಲೆ ಸೊನ್ನೆಯೇ ಇರಲಿ, ಚಿಪ್ಪು ಲೋಹವಲ್ಲ. ಪೂರ್ತಿ ಮೆಟಾಲಿಕ್ ಬೇಕಾಗುವುದು ಚಿನ್ನದ ಲೇಪದ ಕಂಚಿಗೆ ಮಾತ್ರ. ಆ ಕಂಚಿನ ಕುಸುರಿಯನ್ನೆಲ್ಲ ಮೆಶ್‌ನಲ್ಲಿ (3ಡಿ ಆಕಾರದಲ್ಲಿ) ಕೆತ್ತಬೇಡಿ; ಅಂಚಿನಲ್ಲಿ ಆಕಾರ ಎದ್ದು ಕಾಣುವಷ್ಟು ಇಟ್ಟುಕೊಂಡು ಉಳಿದದ್ದನ್ನು ಬೇಕ್ ಮಾಡಿದರೆ (ಚಿತ್ರವಾಗಿ ಮೇಲ್ಮೈಗೆ ಅಚ್ಚೊತ್ತಿದರೆ) ಲ್ಯಾಂಡ್ ಇಂಪ್ಯಾಕ್ಟ್, ಅಂದರೆ ವಸ್ತು ಅಲ್ಲಿನ ಜಮೀನಿನ ಮೇಲೆ ಹಾಕುವ ಹೊರೆ, ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಆ ಕೋಣೆಯ ಗೋಡೆಗಳಿಗೆ ಬೆಳ್ಳಿಯ ಹಿನ್ನೆಲೆಯಿದೆ. ಖಾಲಿ ಬೂದು ಕೋಣೆಯಲ್ಲಿ ಪರೀಕ್ಷಿಸಿದರೆ ಚಿಪ್ಪಿಗೆ ಪ್ರತಿಫಲಿಸಲು ಏನೂ ಸಿಗುವುದಿಲ್ಲ. ಮೊದಲು ಗೋಡೆ ಮಾಡಿ, ಸುತ್ತಲಿನ ದೃಶ್ಯವನ್ನು ಹೊಳಪಿಗೆ ಒದಗಿಸುವ ರಿಫ್ಲೆಕ್ಷನ್ ಪ್ರೋಬ್ ಇಟ್ಟು, ಆಮೇಲೆ ಮೇಜು ನೋಡಿ. ಆದಾಗ ಚಿತ್ರ ಹಾಕಿ, ನೋಡಲು ಕಾಯುತ್ತಿರುತ್ತೇನೆ.